ಗಂಜಿಗೆ ಮುಂಚಿನ ಸ್ನಾನ

ಈರಪ್ಪನ ಜಠರದ ಕೆಳಗಿನ ಅರ್ಧವನ್ನು ಕತ್ತರಿಸಿ ತೆಗೆದ ಮೇಲೆ ಆ ಮನೆಯಲ್ಲಿ ನಡೆದ ಮೊದಲ ಜಗಳ ಬಿಸಿನೀರಿನದು.

"ಅಮ್ಮಾ, ಮತ್ತೆ ತಣ್ಣೀರು!" ಎಂದು ಸ್ಪೂರ್ತಿ ಬಚ್ಚಲಿನೊಳಗಿಂದ ಕೂಗಿದಳು. ಅವಳು ಒಂಬತ್ತನೇ ಕ್ಲಾಸು. ಸ್ಕೂಲ್ ಬಸ್ಸು ಬರುವ ಹೊತ್ತಾಗಿತ್ತು.

"ಮುಖ, ಕೈಕಾಲು ತೊಳ್ಕೊಂಡು ಬಾರೇ ಸಾಕು. ಅಜ್ಜ ಈಗಷ್ಟೇ ಸ್ನಾನ ಮಾಡಿದ್ರು," ಎಂದಳು ಸೌಮ್ಯಾ, ಡಬ್ಬಿಗೆ ಚಿತ್ರಾನ್ನ ತುಂಬುತ್ತಾ.

"ಅಜ್ಜ ಎದ್ದ ತಕ್ಷಣ ಮಾಡಿದ್ರು. ಆಮೇಲೆ ಇನ್ನೊಂದ್ಸಲ ಮಾಡಿದ್ರು. ಈಗ ಮತ್ತೆನಾ? ಅವರೇನು ಮೀನಾ?"

"ಏ ಹುಡುಗಿ, ನನಗ ಕೇಳಸ್ತೈತಿ," ಎಂದ ಈರಪ್ಪ ಹಾಲಿನಿಂದ. ದನಿಯಲ್ಲಿ ಬಲವಿರಲಿಲ್ಲ.

ಚಂದಾಪುರದಿಂದ ಆನೇಕಲ್ ಕಡೆಗೆ ಹೋಗುವ ರಸ್ತೆಯಲ್ಲಿ, ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಮೇಲಿನ ಮನೆ ಅವರದು. ಬೆಡ್‌ರೂಮು ಎರಡಿದ್ದರೂ ಗೀಸರ್ ಇರುವ ಬಚ್ಚಲು ಒಂದೇ. ನೀರು ಟ್ಯಾಂಕರ್‌ನಲ್ಲಿ ಬರುತ್ತಿತ್ತು. ಆ ವಾರ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ, ಟಾಪ್ ಫ್ಲೋರಿನವರು ದಯವಿಟ್ಟು ನೀರು ನೋಡಿಕೊಂಡು ಬಳಸಿ, ಎಂದು ಯಾರೋ ಬರೆದು ಕೆಳಗೆ ಕೈಮುಗಿದ ಚಿತ್ರ ಹಾಕಿದ್ದರು. ಸೌಮ್ಯಾ ಅದನ್ನು ಗಂಡನಿಗೆ ತೋರಿಸಿದಳು. ಮಲ್ಲಿಕ್ ನೋಡಿ, "ಹೆಸರು ಹಾಕಿಲ್ವಲ್ಲ, ಬಿಡು," ಎಂದ.

ಈರಪ್ಪ ಗಂಗಾವತಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿ ನಿವೃತ್ತನಾದವನು. ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗಿದ ಗುಳಿಗೆಗಳು ಜಠರದಲ್ಲಿ ಹುಣ್ಣು ಮಾಡಿದವು. ಹುಣ್ಣು ಮಾಗಿ, ಮತ್ತೆ ಕೆರಳಿ, ಕೊನೆಗೆ ಜಠರದಿಂದ ಕರುಳಿಗೆ ಇಳಿಯುವ ದಾರಿಯೇ ಕಟ್ಟಿಕೊಂಡಿತು. ತಿಂದದ್ದೆಲ್ಲ ವಾಂತಿ. ಹೊಸೂರು ರಸ್ತೆಯ ಒಂದು ಆಸ್ಪತ್ರೆಯಲ್ಲಿ ಕೆಟ್ಟ ಭಾಗ ತೆಗೆದು, ಉಳಿದದ್ದನ್ನು ಕರುಳಿಗೆ ಜೋಡಿಸಿ ಹೊಲಿದಿದ್ದರು. ಗಾಯ ಕೀವಾಗದಿರಲೆಂದು ಬಲವಾದ ಆಂಟಿಬಯಾಟಿಕ್ ಕೊಟ್ಟಿದ್ದರು. ಮನೆಗೆ ಕಳಿಸುವಾಗ ಸರ್ಜನ್ ಮಗ ಮಲ್ಲಿಕ್‌ನನ್ನು ಕೂರಿಸಿಕೊಂಡು ಹೇಳಿದ್ದರು: "ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ತಿನ್ನಿಸಿ. ಎದ್ದ ತಕ್ಷಣ ಏನಾದರೂ ಹೊಟ್ಟೆಗೆ ಬೀಳಬೇಕು. ಶುರುವಿನಲ್ಲಿ ಸ್ವಲ್ಪ ಭೇದಿ ಆಗೋದು ಸಹಜ." ಅಷ್ಟರಲ್ಲಿ ಮಲ್ಲಿಕ್‌ನ ಫೋನ್ ಬಂತು. ಬೊಮ್ಮಸಂದ್ರದಲ್ಲಿ ಪಂಪು ಮಾಡುವ ಕಾರ್ಖಾನೆಯಲ್ಲಿ ಅವನು ಮೇಂಟೆನೆನ್ಸ್ ಎಂಜಿನಿಯರ್. ಅವತ್ತು ಅಲ್ಲಿ ಒಂದು ಲೈನು ನಿಂತಿತ್ತು. ಜಾಸ್ತಿ ಭೇದಿಯಾದರೆ, ಜ್ವರ ಬಂದರೆ ತಕ್ಷಣ ಕರೆತನ್ನಿ, ಅಂಗಡಿಯಿಂದ ಮಾತ್ರೆ ತಂದು ಕೊಡಬೇಡಿ ಎಂದು ಸರ್ಜನ್ ಹೇಳುತ್ತಿದ್ದಾಗ ಅವನು ಬೇರಿಂಗ್ ಬಗ್ಗೆ ಮಾತಾಡುತ್ತಿದ್ದ.

ಮನೆಗೆ ಬಂದು ವಾರ ಕಳೆಯುವಷ್ಟರಲ್ಲಿ ಭೇದಿ ಶುರುವಾಯಿತು.

"ಸಹಜ ಅಂತ ಹೇಳಿದ್ರು," ಎಂದ ಮಲ್ಲಿಕ್.

"ಇಷ್ಟೊಂದಾ? ಒಂದ್ಸಲ ಫೋನ್ ಮಾಡಿ ಕೇಳಬಾರದಾ?" ಎಂದಳು ಸೌಮ್ಯಾ.

"ಎಷ್ಟು ಸಹಜ ಅಂತ ಅಳತೆ ಕೊಟ್ಟಿಲ್ಲ. ಜೋಡಿಸಿರೋ ಕರುಳು, ಒಗ್ಗೋಕೆ ಟೈಮ್ ಬೇಕು."

ತೊಂದರೆ ಭೇದಿಯಷ್ಟೇ ಆಗಿದ್ದರೆ ಮಾತು ಬೇರೆ. ಈರಪ್ಪ ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವವನಲ್ಲ. ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಕಣ್ಣುಮುಚ್ಚಿ ಕೂತು, ಆಮೇಲೆ ಊಟ. ಪೂಜೆಗೆ ಮುಂಚೆ ಸ್ನಾನ. ಸ್ನಾನ ಮುಗಿಸಿ ವಿಭೂತಿ ಕೈಗೆತ್ತಿಕೊಳ್ಳುವಾಗ ಹೊಟ್ಟೆ ತಿರುಚುತ್ತಿತ್ತು. ಸಂಡಾಸಕ್ಕೆ ಹೋಗಿಬಂದರೆ ಮತ್ತೆ ಸ್ನಾನ. ಮತ್ತೆ ಕೂತರೆ ಮತ್ತೆ ತಿರುಚು. ಮಧ್ಯಾಹ್ನದವರೆಗೂ ಗಂಜಿ ಆರಿ ಮೇಲೆ ಕೆನೆಕಟ್ಟಿ ಕೂತಿರುತ್ತಿತ್ತು. ಗಂಡ ಉಣ್ಣದೆ ತಾನು ಉಣ್ಣದ ಶರಣಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಒದ್ದೆ ಪಂಚೆಗಳು ಬಾಲ್ಕನಿಯ ತಂತಿಯಲ್ಲಿ ಜಾಗವಿಲ್ಲದೆ ಕುರ್ಚಿಗಳ ಬೆನ್ನಿಗೂ ಬಂದವು.

ವಾರದಲ್ಲಿ ಎರಡು ದಿನ ಸೌಮ್ಯಾ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸಂಬಳ ವಿಭಾಗದವಳು. ಮೀಟಿಂಗ್ ಮಧ್ಯೆ ಎದ್ದು ಬಚ್ಚಲು ಉಜ್ಜಿ, ಕೈತೊಳೆದು ಮತ್ತೆ ಕೂರುತ್ತಿದ್ದಳು.

"ಮಾವ, ಮೊದಲು ಒಂದು ಲೋಟ ಮಜ್ಜಿಗೆ ಕುಡೀರಿ. ಆಮೇಲೆ ಎಷ್ಟು ಸ್ನಾನ ಬೇಕಾದ್ರೂ ಮಾಡಿ."

"ಪೂಜಿ ಆಗ್ಲಿ ಯವ್ವಾ."

"ಡಯಟೀಷಿಯನ್ ಹೇಳಿರೋ ಪುಡಿ ಹಾಕಿದೀನಿ. ಶಕ್ತಿ ಬರುತ್ತೆ."

"ಅದರಾಗ ತತ್ತಿ ಇರ್ತೈತಿ," ಎಂದಳು ಶರಣಮ್ಮ.

"ಇಲ್ಲ ಅತ್ತೆ, ಮೊಟ್ಟೆ ಇಲ್ಲ. ಹಾಲಿನಿಂದ ಮಾಡಿದ್ದು. ಇಲ್ಲಿ ಹಸಿರು ಚುಕ್ಕಿ ನೋಡಿ."

"ಚುಕ್ಕಿ ಯಾರ್ ಬೇಕಾದ್ರೂ ಇಡ್ತಾರ."

ಸಂಜೆ ಸ್ಕೂಲಿಂದ ಬಂದ ಸ್ಪೂರ್ತಿ ಚೀಲ ಎಸೆದು ಅಜ್ಜನ ಪಕ್ಕ ಕೂತಳು. "ಅಜ್ಜಾ, ಸ್ನಾನ ಇಲ್ದೆ ಪೂಜೆ ಮಾಡಿದ್ರೆ ಏನಾಗುತ್ತೆ? ನಮ್ಮಲ್ಲಿ ಮೈಲಿಗೆ ಇಲ್ಲ ಅಂತ ನೀವೇ ಹೇಳಿದ್ರಿ. ಕೆಳಗಿನ ಮನೆ ವೆಂಕಟಲಕ್ಷ್ಮಿ ಆಂಟಿ ಮುಂದೇನೇ ಹೇಳಿದ್ರಿ."

ಹೇಳಿದ್ದು ನಿಜ. ಎರಡು ವರ್ಷದ ಕೆಳಗೆ ಸ್ಪೂರ್ತಿ ದೊಡ್ಡವಳಾದಾಗ ವೆಂಕಟಲಕ್ಷ್ಮಿ ಮೇಲೆ ಬಂದು, ಹುಡುಗಿಯನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳಿದ್ದಳು. ಈರಪ್ಪ ಪೇಪರ್ ಕೆಳಗಿಟ್ಟು, "ಎಲ್ಲಿ ಅಂದ್ರ? ಸೋಫಾದ ಮ್ಯಾಲ," ಎಂದಿದ್ದ. "ಲಿಂಗ ಕಟ್ಟಿದ ಮೈಗೆ ಮೈಲಿಗಿ ಇಲ್ರಿ. ಇವತ್ತು ಪೂಜಿಗೆ ನನ್ನ ಪಕ್ಕಾನ ಕುಂದ್ರತಾಳ." ಕೂರಿಸಿಕೊಂಡೂ ಇದ್ದ. ಆ ಮಾತನ್ನು ಊರಿನ ಬಂಧುಗಳಿಗೆಲ್ಲ ಫೋನಿನಲ್ಲಿ ಹೇಳಿಕೊಂಡಿದ್ದ.

"ಅದು ಬ್ಯಾರೆ," ಎಂದ ಈಗ.

"ಹೆಂಗೆ ಬೇರೆ?"

"ಹೋಂವರ್ಕ್ ಮಾಡ್ ಹೋಗು."

ಮರುದಿನ ಮಲ್ಲಿಕ್, ಸೌಮ್ಯಾ ಕೆಲಸಕ್ಕೂ ಹುಡುಗಿ ಶಾಲೆಗೂ ಹೋದ ಮೇಲೆ ಈರಪ್ಪ ಹೆಂಡತಿಯನ್ನು ಕರೆದ. ದಿವಾನದ ಮೇಲೆ ಗೋಡೆಗೊರಗಿ ಕೂತಿದ್ದ. ಕೆನ್ನೆಗಳು ಒಳಗೆ ಹೋಗಿದ್ದವು.

"ನಿನ್ನಿ ಪೂಜಿ ಆಗಲಿಲ್ಲ. ಇವತ್ತೂ ಆಗೂ ಲಕ್ಷಣ ಇಲ್ಲ."

"ಹಂಗಂದ್ರ ನಿನ್ನಿಯಿಂದ ಉಂಡಿಲ್ಲ ನೀವು. ಪೂಜಿ ಆತು ಅಂದಿದ್ರಿ. ಸೌಮ್ಯಾ ಕೊಟ್ಟ ಮಜ್ಜಗಿ?"

"ಬೇಸಿನ್ನಿಗೆ ಹಾಕಿದೆ."

"ನನಗೂ ಹೇಳಲಿಲ್ಲ."

"ಹೇಳಿದ್ರ ನೀನೂ ಉಣ್ತಿದ್ದಿಲ್ಲ." "ಶ್ರೀಶೈಲಕ್ಕ ಹೋದಾಗ ಬಸ್ಸಿನಾಗ ಒಂದು ಮಾತ್ರಿ ತಗೊಂಡಿದ್ದೆ. ಗಕ್ಕನ ನಿಂತಿತ್ತು. ಅದರ ಹೆಸರು ನನಗ ನೆನಪೈತಿ. ಬರಕೊಡ್ತೀನಿ, ತಗೊಂಡು ಬಾ."

"ಮಲ್ಲಿಕ್‌ಗ ಒಂದು ಮಾತು ಕೇಳ್ತೀನಿ."

"ಬ್ಯಾಡ. ಅಂವ ಡಾಕ್ಟರ್‌ಗೆ ಫೋನ್ ಮಾಡ್ತಾನ, ಅವರು ಮತ್ತ ಬಾ ಅಂತಾರ, ಮತ್ತ ಸೂಜಿ, ಮತ್ತ ಹಾಸಿಗಿ. ನಿಂತ್ರ ಸಾಕು. ನಿಂತ್ರ ಪೂಜಿ, ಪೂಜಿ ಆದ್ರ ಊಟ, ಊಟ ಆದ್ರ ಶಕ್ತಿ. ನಾ ಕೆಮಿಸ್ಟ್ ಇದ್ದವ, ನನಗ ತಿಳಿಯಂಗಿಲ್ಲೇನು?"

ಸಕ್ಕರೆಯ ಕೆಮಿಸ್ಟ್ ಎಂದು ಶರಣಮ್ಮ ಹೇಳಲಿಲ್ಲ. ತರಕಾರಿ ಚೀಲ ತೆಗೆದುಕೊಂಡು ಇಳಿದಳು.

ಮೆಡಿಕಲ್ ಶಾಪಿನ ಅಂಬರೀಶ್ ಚೀಟಿ ನೋಡಿ, "ಯಾರಿಗಜ್ಜಿ? ಆಪರೇಷನ್ ಆದ ಯಜಮಾನರಿಗಾ?" ಎಂದ.

"ನನಗ."

"ಒಂದೆರಡು ಸಾಕಲ್ವಾ?"

"ಪೂರಾ ಹಾಳಿ ಕೊಡಪಾ. ಮೆಟ್ಲ ಹತ್ತಿ ಇಳಿಯೂದು ಆಗಂಗಿಲ್ಲ."

ಅಂಬರೀಶ್ ಕೊಟ್ಟ. ಈರಪ್ಪ ಅವತ್ತು ಮೊದಲು ಒಂದು, ಸಂಜೆಯೊಳಗೆ ಇನ್ನೂ ಎರಡು ನುಂಗಿದ. ಮಾತ್ರೆ ನುಂಗುವುದನ್ನು ಅವನು ಊಟವೆಂದು ಲೆಕ್ಕ ಹಾಕುತ್ತಿರಲಿಲ್ಲ.

ಭೇದಿ ನಿಂತಿತು. ಬೆಳಿಗ್ಗೆ ಒಂದೇ ಸ್ನಾನ, ಉದ್ದನೆಯ ಪೂಜೆ. ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು ಈರಪ್ಪ ಡೈನಿಂಗ್ ಟೇಬಲ್ಲಿಗೆ ಬಂದು ಕೂತಾಗ ಮಲ್ಲಿಕ್‌ನ ಮುಖ ಅರಳಿತು.

"ನೋಡು, ಒಗ್ಗಿತು," ಎಂದ ಹೆಂಡತಿಗೆ. "ನಾ ಹೇಳ್ಲಿಲ್ವಾ?"

"ಒಂದೇ ದಿನದಲ್ಲಿ ಇಷ್ಟು ಸರಿಹೋಗುತ್ತಾ?" ಎಂದಳು ಸೌಮ್ಯಾ.

"ನಿನಗೆ ಕೆಟ್ರೂ ಡೌಟು, ಸರಿಹೋದ್ರೂ ಡೌಟು."

ಶರಣಮ್ಮ ಗಂಜಿ ಬಡಿಸಿ, ತನಗೊಂದು ರೊಟ್ಟಿ ಹಾಕಿಕೊಂಡು ಕೆಳಗೆ ಕೂತಳು. ಸ್ಪೂರ್ತಿಗೆ ಬಿಸಿನೀರು ಸಿಕ್ಕಿತು. ಮನೆ ಎರಡು ದಿನ ಜಗಳವಿಲ್ಲದೆ ನಡೆಯಿತು. ಈರಪ್ಪ ಮಾತ್ರೆ ಬಿಡಲಿಲ್ಲ. ಬಿಟ್ಟರೆ ಮತ್ತೆ ಶುರುವಾದೀತೆಂಬ ಭಯ.

ಆಮೇಲೆ ಅವನ ಅಂಗಿಯ ಗುಂಡಿ ಕೂಡಲಿಲ್ಲ.

"ಗ್ಯಾಸು. ಅಜವಾನ ಕೊಡು," ಎಂದು ಹೆಂಡತಿಗೆ ಹೇಳಿದ. ಅಜವಾನ ಕುದಿಸಿ ಕೊಟ್ಟರೆ ವಾಂತಿ ಮಾಡಿದ. ಅವತ್ತು ಸೌಮ್ಯಾ ಮನೆಯಲ್ಲಿದ್ದಳು. ಊಟದ ಹೊತ್ತಿಗೆ ಎಬ್ಬಿಸಲು ಹೋಗಿ ಹಣೆ ಮುಟ್ಟಿದರೆ ಸುಡುತ್ತಿತ್ತು. ಹೊದಿಕೆ ಸರಿಸಿದಳು. ಹೊಲಿಗೆಯ ಗುರುತಿನ ಕೆಳಗೆ ಹೊಟ್ಟೆ ಬಿಗಿದ ಡೋಲಿನಂತೆ ಎದ್ದು ನಿಂತಿತ್ತು.

"ಮಾವ, ನೋವಿದೆಯಾ?"

"ಕಬ್ಬಿನ ಲಾರಿ ಬಂದಾವೇನು?" ಎಂದ ಈರಪ್ಪ.

"ಏನಂದ್ರಿ?"

"ರಸ ಹುಳಿ ಆಗೈತಿ. ಒಳಗ ಬಿಡಬ್ಯಾಡ್ರಿ."

ಸೌಮ್ಯಾ ಲ್ಯಾಪ್‌ಟಾಪ್ ಮುಚ್ಚದೆಯೇ ಕ್ಯಾಬ್ ಕರೆದಳು. ಸ್ಪೂರ್ತಿ ಸ್ಕೂಲಿಂದ ಬಂದರೆ ಕೂರಿಸಿಕೊಳ್ಳಿ ಎಂದು ವೆಂಕಟಲಕ್ಷ್ಮಿಗೆ ಕೀ ಕೊಟ್ಟಳು. ಸೌಮ್ಯಾಳೂ ಶರಣಮ್ಮನೂ ಈರಪ್ಪನನ್ನು ಎರಡು ಕಡೆ ಹಿಡಿದು ಇಳಿಸಿದರು. ಹೊಸೂರು ರಸ್ತೆಯಲ್ಲಿ ಲಾರಿಗಳ ಹಿಂದೆ ಕ್ಯಾಬ್ ನಿಂತು ನಿಂತು ಹೋಯಿತು. ಮಲ್ಲಿಕ್ ಯೂನಿಫಾರ್ಮಿನಲ್ಲೇ ಬೈಕಿನಲ್ಲಿ ಬಂದು ಇವರಿಗಿಂತ ಮುಂಚೆ ಆಸ್ಪತ್ರೆ ಬಾಗಿಲಲ್ಲಿ ಕಾಯುತ್ತಿದ್ದ.

ಒಳಗೆ ಬಟ್ಟೆ ಬದಲಿಸುವಾಗ ನರ್ಸ್ ಕರಡಿಗೆ ತೆಗೆಯಬೇಕೆಂದಳು. ಮೊದಲ ಆಪರೇಷನ್ನಿನಲ್ಲಿ ಈರಪ್ಪ ಜಗಳವಾಡಿ ಅದನ್ನು ತೋಳಿಗೆ ಕಟ್ಟಿಸಿಕೊಂಡು, ಮೇಲೆ ಬ್ಯಾಂಡೇಜು ಸುತ್ತಿಸಿಕೊಂಡಿದ್ದ. ಈ ಸಲ ಬಿಚ್ಚಿದ್ದೂ ಅವನಿಗೆ ತಿಳಿಯಲಿಲ್ಲ. ಶರಣಮ್ಮ ಅದನ್ನು ತನ್ನ ಕೊರಳಿಗೆ, ತನ್ನ ಲಿಂಗದ ಪಕ್ಕದಲ್ಲಿ ಹಾಕಿಕೊಂಡಳು.

ಸ್ಕ್ಯಾನ್ ಆದ ಮೇಲೆ ಸರ್ಜನ್ ಮೂವರನ್ನೂ ಕರೆದರು. ಐವತ್ತರ ಆಸುಪಾಸಿನ ಹೆಂಗಸು, ಮಾತು ನೇರ.

"ನಾವು ಹಾಕಿದ ಹೊಲಿಗೆ ಸೋರಿಲ್ಲ. ದೊಡ್ಡ ಕರುಳು ಪೂರ್ತಿ ಊದಿದೆ. ಆಂಟಿಬಯಾಟಿಕ್ ಕೊಟ್ಟಾಗ ಕೆಲವರಿಗೆ ಹೀಗಾಗುತ್ತೆ. ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಎಲ್ಲ ಸತ್ತು, ಒಂದು ಕೆಟ್ಟದ್ದು ಬೆಳೆದು ವಿಷ ಬಿಡುತ್ತೆ. ಅದಕ್ಕೆ ಔಷಧಿ ಇದೆ, ಶುರು ಮಾಡಿದೀವಿ. ಆದರೆ ಇದರಲ್ಲಿ ಭೇದಿ ಹೋಗ್ತಾನೇ ಇರಬೇಕು. ಇವರಿಗೆ ಯಾಕೆ ನಿಂತಿದೆ? ನಿಲ್ಲಿಸೋ ಮಾತ್ರೆ ಏನಾದರೂ ಕೊಟ್ರಾ?"

"ಇಲ್ಲ ಮೇಡಂ, ತಾನಾಗೇ ನಿಂತಿದ್ದು," ಎಂದ ಮಲ್ಲಿಕ್.

ಸರ್ಜನ್ ಸೌಮ್ಯಾಳನ್ನು ನೋಡಿದರು. "ನಮಗೆ ಗೊತ್ತಿರೋ ಹಾಗೆ ಇಲ್ಲ," ಎಂದಳು. ಶರಣಮ್ಮನನ್ನು ನೋಡಿದರು. ಶರಣಮ್ಮ ಸೆರಗು ಸರಿಮಾಡಿಕೊಂಡಳು.

"ಹಾಗಾದರೆ ಕರುಳೇ ಸೋತು ನಿಂತಿದೆ ಅಂತ ಅರ್ಥ. ಒಡೆಯೋವರೆಗೂ ಕಾಯೋಕಾಗಲ್ಲ. ಸಂಜೆ ದೊಡ್ಡ ಕರುಳು ತೆಗೀಬೇಕಾಗುತ್ತೆ. ಆಮೇಲೆ ಹೊಟ್ಟೆ ಮೇಲೆ ಚೀಲ. ಮಲ ಅದರಲ್ಲೇ ಬರುತ್ತೆ. ಈ ವಯಸ್ಸಲ್ಲಿ, ಒಂದು ಆಪರೇಷನ್ ಆದ ಬೆನ್ನಿಗೇ ಇನ್ನೊಂದು. ತಡ್ಕೋತಾರೆ ಅಂತ ನಾನು ಹೇಳೋಕಾಗಲ್ಲ. ಯೋಚನೆ ಮಾಡಿ ಸಹಿ ಹಾಕಿ."

ನೆಲಮಾಳಿಗೆಯ ಕ್ಯಾಂಟೀನಿಗೆ ಇಳಿದರು. ಮಲ್ಲಿಕ್ ಮೂರು ಟೀ, ಒಂದು ಪ್ಲೇಟ್ ಇಡ್ಲಿ ತಂದಿಟ್ಟ. ಶರಣಮ್ಮ ಮುಟ್ಟಲಿಲ್ಲ.

"ತಿನ್ನವ್ವಾ."

"ಒಲ್ಲೆ."

"ಚೀಲ ಕಟ್ಟಿದ್ರೆ ಅಪ್ಪ ಬದುಕಲ್ಲ," ಎಂದ ಮಲ್ಲಿಕ್. "ಮಲದ ಚೀಲ ಹೊಟ್ಟೆಗೆ ಕಟ್ಕೊಂಡು ಪೂಜೆಗೆ ಕೂರ್ತಾರಾ? ಕೂರಲ್ಲ. ಪೂಜೆ ಇಲ್ಲ ಅಂದ್ರೆ ಉಣ್ಣಲ್ಲ."

"ಮೊದಲು ಜೀವ ಉಳೀಲಿ," ಎಂದಳು ಸೌಮ್ಯಾ.

"ಜೀವದ ಮಾತು ನೀನು ಆಡ್ಬೇಡ." ಅವನ ದನಿ ಏರಿತು. ಪಕ್ಕದ ಟೇಬಲ್ಲಿನವರು ತಿರುಗಿದರು. "ಬೇಡ ಬೇಡ ಅಂದ್ರೂ ಆ ಪುಡಿ ಕಲಸಿ ಕಲಸಿ ಕುಡಿಸಿದೆ. ಅರ್ಧ ಹೊಟ್ಟೆ ಇಲ್ಲದ ಮನುಷ್ಯ. ಅಂಥಾ ಭಾರದ ಪುಡಿ ಕೊಟ್ರೆ ಕರುಳು ಊದದೆ ಇನ್ನೇನಾಗುತ್ತೆ?"

"ಬ್ಯಾಕ್ಟೀರಿಯಾ ಅಂತ ಡಾಕ್ಟರ್ ಈಗ ತಾನೆ ಹೇಳಿದ್ರು."

"ಡಾಕ್ಟರ್‌ಗೆ ಪುಡಿ ವಿಷಯ ಗೊತ್ತಿಲ್ಲ."

"ಅವರ ಆಸ್ಪತ್ರೆಯೋರೇ ಬರ್ಕೊಟ್ಟಿದ್ದು ರೀ! ಬಚ್ಚಲು ಉಜ್ಜಿದ್ದು ನಾನು, ಜ್ವರ ನೋಡಿದ್ದು ನಾನು, ಕರ್ಕೊಂಡು ಬಂದಿದ್ದು ನಾನು. ನೀವು ಸಹಜ, ಸಹಜ ಅಂತ ಎಷ್ಟು ಸಲ ಹೇಳಿದ್ರಿ?"

"ನಿಮ್ಮನೇಲಿ ಯಾರಿಗಾದ್ರೂ ಆಗಿದ್ರೆ ಹಿಂಗೆ ಪ್ರಯೋಗ ಮಾಡ್ತಿದ್ಯಾ?"

ಸೌಮ್ಯಾ ಲೋಟ ಕುಕ್ಕಿ ಇಟ್ಟಳು. ಟೀ ಚೆಲ್ಲಿತು.

"ಪುಡಿ ಅಲ್ಲೋ," ಎಂದಳು ಶರಣಮ್ಮ.

"ನೀ ಸುಮ್ನಿರವ್ವಾ."

"ಪುಡಿ ಅಲ್ಲ ಅಂದ್ನಲ್ಲ. ಅದನ್ನ ಅವರು ಕುಡದೇ ಇಲ್ಲ, ಬೇಸಿನ್ನಿಗೆ ಹಾಕ್ಯಾರ. ಮಾತ್ರಿ. ಸಂಡಾಸ ನಿಲ್ಲೂ ಮಾತ್ರಿ. ನಾನ ತಂದುಕೊಟ್ಟೆ."

ಅವಳು ತರಕಾರಿ ಚೀಲಕ್ಕೆ ಕೈಹಾಕಿ ಮಾತ್ರೆಯ ಹಾಳೆ ತೆಗೆದು ಇಡ್ಲಿಯ ತಟ್ಟೆ ಪಕ್ಕ ಇಟ್ಟಳು. ಹೆಚ್ಚು ಕಡಿಮೆ ಖಾಲಿಯಾಗಿತ್ತು.

ಮಲ್ಲಿಕ್ ಅದನ್ನು ತಿರುಗಿಸಿ ನೋಡಿದ. "ಡಾಕ್ಟರ್ ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ?"

"ಯಾರಿಗೂ ಹೇಳಬ್ಯಾಡ ಅಂದಿದ್ರು ಅವರು."

"ಅವರಿಗೆ ಈಗ ತಾವೆಲ್ಲಿದೀವಿ ಅಂತಾನೂ ಗೊತ್ತಿಲ್ಲ! ನಾ ಇವಳನ್ನ ಬೈತಿದ್ನಲ್ಲ, ಆಗ?"

ಶರಣಮ್ಮ ಟೇಬಲ್ಲಿನ ಮೇಲೆ ಹರಿದ ಟೀಯನ್ನು ಸೆರಗಿನಿಂದ ಒರೆಸತೊಡಗಿದಳು.

ಸೌಮ್ಯಾ ಎದ್ದಳು. "ಜಗಳ ಆಮೇಲೆ ಮಾಡೋಣ. ಕೊನೇದು ಯಾವಾಗ ತಗೊಂಡ್ರು ಅತ್ತೆ?"

"ಇವತ್ತ ಮುಂಜಾನಿ. ಪೂಜಿಗಿಂತ ಮೊದಲ."

"ಬನ್ನಿ. ನೀವೇ ಹೇಳ್ಬೇಕು ಡಾಕ್ಟರಿಗೆ."

ಲಿಫ್ಟ್ ಬರುವ ಹಾಗೆ ಕಾಣಲಿಲ್ಲ. ಮೆಟ್ಟಿಲು ಹತ್ತಲಾಗುವುದಿಲ್ಲ ಎಂದಿದ್ದ ಶರಣಮ್ಮ ಕಂಬಿ ಹಿಡಿದು ಸೊಸೆಯ ಹಿಂದೆ ಹತ್ತಿದಳು.

ಸರ್ಜನ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲು ಬಾಯಿ ತೆರೆದು, ಮುದುಕಿಯ ಏದುಸಿರು ನೋಡಿ ಮುಚ್ಚಿದರು.

"ಅಮ್ಮ, ಈ ಮಾತ್ರೆ ಕರುಳನ್ನ ಕಟ್ಟಿಹಾಕುತ್ತೆ. ವಿಷ ಹೊರಗೆ ಹೋಗೋ ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಒಳಗೇ ಕೊಳೀತು."

"ತಪ್ಪಾತ್ರಿ."

"ತಪ್ಪೇ. ಆದರೆ ಈಗ ಹೇಳಿದ್ದರಿಂದ ಒಂದು ವಿಷಯ ಬದಲಾಯ್ತು. ಕರುಳು ಸೋತಿದೆ ಅಂದ್ಕೊಂಡಿದ್ದೆ. ಬರೀ ಮಾತ್ರೆಯಿಂದ ನಿಂತಿದ್ದರೆ, ಅದರ ಅಮಲು ಇಳಿದ ಮೇಲೆ ಅಲುಗಾಡಬಹುದು. ಬಿಪಿ ಇನ್ನೂ ಬಿದ್ದಿಲ್ಲ. ನಾಳೆ ಬೆಳಿಗ್ಗೆವರೆಗೆ ನೋಡ್ತೀನಿ. ಮಧ್ಯೆ ಕೆಟ್ಟರೆ ಕಾಯಲ್ಲ, ಥಿಯೇಟರ್‌ಗೆ ತಗೊಂಡು ಹೋಗ್ತೀನಿ. ಸಹಿ ಈಗಲೇ ಹಾಕಿ."

ಮಲ್ಲಿಕ್ ಸಹಿ ಹಾಕಿದ.

ಮೂಗಿನ ನಳಿಕೆಯಿಂದ ಔಷಧಿ ಇಳಿಸಿದರು. ಗುದದ್ವಾರದಿಂದಲೂ ಕೊಟ್ಟರು. ನರ್ಸ್ ಶಾಂತಿ ಆಗಾಗ ಬಂದು ದರ್ಜಿಯ ಹಾಗೆ ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿ ಬರೆದುಕೊಳ್ಳುತ್ತಿದ್ದಳು. ಶರಣಮ್ಮ ಐಸಿಯು ಹೊರಗಿನ ಕುರ್ಚಿ ಬಿಡಲಿಲ್ಲ. ಮಲ್ಲಿಕ್ ಅವಳ ಪಕ್ಕ ಒಂದು ಕುರ್ಚಿ ಬಿಟ್ಟು ಕೂತ. ಸೌಮ್ಯಾ ಮನೆಗೆ ಹೋಗಿ ಮಗಳಿಗೆ ಅನ್ನ ಸಾರು ಮಾಡಿಟ್ಟಳು.

ಬೆಳಿಗ್ಗೆ ಸ್ಪೂರ್ತಿ ಹಲ್ಲುಜ್ಜುತ್ತಿದ್ದಾಗ ಆಸ್ಪತ್ರೆಯಿಂದ ಅಪ್ಪನ ಫೋನ್ ಬಂತು. ಎತ್ತಿಕೊಂಡು ಕೇಳಿ, ನೊರೆ ಬಾಯಲ್ಲೇ ಕೂಗಿದಳು.

"ಅಮ್ಮಾ! ಅಜ್ಜಂಗೆ ಭೇದಿ ಆಯ್ತಂತೆ! ಜೋರಾಗಿ ಆಯ್ತಂತೆ!"

ಸೌಮ್ಯಾ ಸೌಟು ಹಿಡಿದೇ ಓಡಿಬಂದಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿ, ನಗಬೇಕೋ ಬೇಡವೋ ತಿಳಿಯದೆ ನಕ್ಕರು.

ಆಪರೇಷನ್ ಆಗಲಿಲ್ಲ. ಹೊಟ್ಟೆ ನಿಧಾನವಾಗಿ ಇಳಿಯಿತು, ಜ್ವರ ಬಿಟ್ಟಿತು, ತಲೆ ತಿಳಿಯಾಯಿತು. ವಾರ್ಡಿಗೆ ತಂದ ಮೇಲೂ ಭೇದಿ ಪೂರ್ತಿ ನಿಂತಿರಲಿಲ್ಲ. ಡಯಾಪರ್ ಹಾಕಿದ್ದರು. ಸ್ಯಾನಿಟೈಸರಿಗೆ ಈ ಕ್ರಿಮಿ ಸಾಯುವುದಿಲ್ಲ, ಬಂದವರೆಲ್ಲ ಸೋಪು ನೀರಿನಲ್ಲೇ ಕೈತೊಳೆಯಬೇಕು ಎಂದು ಬಾಗಿಲಲ್ಲಿ ಬರೆದು ಅಂಟಿಸಿದ್ದರು.

ಭಾನುವಾರ ಮಧ್ಯಾಹ್ನ ಎಲ್ಲರೂ ಬಂದರು. ಶಾಂತಿ ಒಂದು ಬಟ್ಟಲು ತಿಳಿ ಗಂಜಿ ತಂದಿಟ್ಟಳು. "ತಾತ, ಇವತ್ತಿಂದ ಬಾಯಲ್ಲಿ. ನಿಧಾನಕ್ಕೆ. ನೀವು ತಿಂದರೆ ನಾಳೆ ನಳಿಕೆ ತೆಗೀತಾರೆ."

ಈರಪ್ಪ ಮುಖ ಆಚೆ ತಿರುಗಿಸಿದ. "ಪೂಜಿ ಆಗಿಲ್ಲ."

"ಮಾಡ್ರಿ. ಯಾರು ಬ್ಯಾಡಂದ್ರು?" ಎಂದಳು ಶರಣಮ್ಮ.

"ಈ ಮೈಯಾಗ? ಹೇಲಿನಾಗ ಮಲಗೀನಿ ನಾ."

"ಅಪ್ಪಾ, ನೀವು ತಿನ್ನದಿದ್ರೆ ಗಾಯ ಮಾಗಲ್ಲ," ಎಂದ ಮಲ್ಲಿಕ್.

"ಸ್ನಾನ ಮಾಡಸ್ರಿ, ಪೂಜಿ ಮಾಡ್ತೀನಿ, ಉಣ್ತೀನಿ."

"ಸ್ನಾನ ಇಲ್ಲ ಅಂತ ಡಾಕ್ಟರ್ ಹೇಳಿದಾರೆ."

"ಹಂಗಾದ್ರ ಊಟಾನೂ ಇಲ್ಲ."

ಸ್ಪೂರ್ತಿ ಮಂಚದ ಕಂಬಿ ಹಿಡಿದು ನಿಂತಿದ್ದಳು. "ಅವತ್ತು ನನಗೆ ಹೊಟ್ಟೆನೋವು ಬಂದು ಅಳ್ತಿದ್ದೆ. ಬಟ್ಟೆ ಎಲ್ಲ ಹಾಳಾಗಿತ್ತು. ನಾನೇ ಪೂಜೆಗೆ ಬರಲ್ಲ ಅಂದೆ. ನೀವು ಕೈ ಹಿಡ್ಕೊಂಡು ಕೂರಿಸಿದ್ರಿ. ಆಗ ನನಗೆ ಸುಳ್ಳು ಹೇಳಿದ್ರಾ ಅಜ್ಜಾ?"

"ಸುಳ್ಳಲ್ಲ."

"ಮತ್ತೆ?"

"ನೀ ಸಣ್ಣಾಕಿ. ಅದು ಬ್ಯಾರೆ."

"ಅದನ್ನ ಅವತ್ತೂ ಹೇಳಿದ್ರಿ. ಹೆಂಗೆ ಬೇರೆ ಅಂತ ಇನ್ನೂ ಹೇಳಿಲ್ಲ."

ಪಕ್ಕದ ಹಾಸಿಗೆಯ ರೋಗಿ ಟಿವಿ ದನಿ ಕಡಿಮೆ ಮಾಡಿದ್ದ.

ಶರಣಮ್ಮ ಸಿಂಕಿಗೆ ಹೋಗಿ ಸೋಪು ಹಾಕಿ ಕೈತೊಳೆದುಕೊಂಡು ಬಂದಳು. ಕೊರಳಿನಿಂದ ಗಂಡನ ಕರಡಿಗೆ ಬಿಚ್ಚಿ, ಮುಚ್ಚಳ ತೆಗೆದು, ಲಿಂಗವನ್ನು ಅವನ ಎಡಗೈಯಲ್ಲಿಟ್ಟಳು. ಅವನು ಕೈ ಎಳೆದುಕೊಳ್ಳಲು ನೋಡಿದ. ಅವಳು ಮುಂಗೈ ಹಿಡಿದಳು. ನಲವತ್ತೈದು ವರ್ಷದಲ್ಲಿ ಮಕ್ಕಳೆದುರು ಅವಳು ಅವನ ಕೈ ಹಿಡಿದದ್ದು ಅದೇ ಮೊದಲು.

"ನಿಮ್ಮ ಮಾತು ಕೇಳಿ ಮಾತ್ರಿ ತಂದೆ. ನಿಮ್ಮ ಮಾತು ಕೇಳಿ ಬಾಯಿ ಮುಚ್ಕೊಂಡೆ. ಸೊಸಿ ಬೈಸ್ಕೊಂಡ್ಳು, ಅದನ್ನೂ ಕೇಳ್ಕೋತ ಕುಂತೆ. ಇನ್ನ ಕೇಳಂಗಿಲ್ಲ. ಹಿಡೀರಿ."

"ಬಿಡು, ಶರಣವ್ವಾ."

"ಆಪರೇಷನ್ ಆದಾಗ ತೋಳಿಗೆ ಕಟ್ಟಸ್ಕೊಂಡ್ರಿ. ಆಗ ಹೊಟ್ಟಿ ಕೊಯ್ದು ರಕ್ತದಾಗ ಮಲಗಿದ್ರಿ. ಅವತ್ತು ಇದಕ್ಕ ಮೈಲಿಗಿ ಆಗಲಿಲ್ಲ. ಇವತ್ತು ಆಗತೈತೇನು?"

ಈರಪ್ಪ ಹೆಂಡತಿಯನ್ನು ನೋಡಿದ, ಮೊಮ್ಮಗಳನ್ನು ನೋಡಿದ. ತೆರೆದ ಬೆರಳುಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಒಂದೊಂದಾಗಿ ಮಡಚಿಕೊಂಡವು.

"ನೀರು," ಎಂದ.

ಸ್ಪೂರ್ತಿ ತನ್ನ ಸ್ಕೂಲ್ ಬಾಟಲಿಯಿಂದ ಸುರಿದಳು. ವಿಭೂತಿ ಇರಲಿಲ್ಲ. ಯಾರೂ ಅದರ ಮಾತೆತ್ತಲಿಲ್ಲ.

ಮನೆಗೆ ಬಂದ ಮೇಲೆ ಕೆಲಸಗಳು ಬದಲಾದವು. ಬಚ್ಚಲಿಗೆ ಬ್ಲೀಚಿಂಗ್ ಹಾಕಿ ಉಜ್ಜುವುದನ್ನು ಮಲ್ಲಿಕ್ ತೆಗೆದುಕೊಂಡ. ಕ್ಷಮಿಸು ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಭಾನುವಾರ ಬರ್ಮುಡಾದಲ್ಲಿ ನೆಲದ ಮೇಲೆ ಕೂತು ಉಜ್ಜುತ್ತಿದ್ದಾಗ ಸೌಮ್ಯಾ ಬಾಗಿಲಲ್ಲಿ ನಿಂತು ನೋಡಿದಳು.

"ಮೂಲೆ ಬಿಟ್ಟಿದೀರ."

ಅವನು ಮೂಲೆ ಉಜ್ಜಿದ.

ಅಡುಗೆಮನೆಯಲ್ಲಿ ಶರಣಮ್ಮ ಪುಡಿಯ ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದಳು. "ಮಜ್ಜಗಿಗೆ ಎಷ್ಟು ಚಮಚೆ?"

"ಎರಡು. ಅದರಲ್ಲಿ ತತ್ತಿ ಇಲ್ಲ."

"ಗೊತ್ತೈತಿ ಬಿಡು." ಕಲಸುತ್ತಾ, ತಿರುಗದೆ ಹೇಳಿದಳು: "ಅವತ್ತು ಕ್ಯಾಂಟೀನಿನಾಗ ನಾ ಲಗೂನ ಬಾಯಿ ಬಿಡಬೇಕಿತ್ತು."

"ಹೌದು ಅತ್ತೆ. ನನಗೆ ಇನ್ನೂ ಸಿಟ್ಟಿದೆ."

"ಇರ್ಲಿ. ಇಟ್ಕೋ." ಚಮಚ ತೊಳೆದು ಇಟ್ಟಳು. "ಉಪ್ಪು ಹಾಕ್ಲೇನು ಇದಕ್ಕ?"

"ಒಂಚೂರು."

ಸೋಮವಾರ ಬೆಳಿಗ್ಗೆ ಈರಪ್ಪ ಎದ್ದು ಸಂಡಾಸಕ್ಕೆ ಹೋಗಿಬಂದ. ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದ. ಹೊರಗೆ ಬಂದು ಬಚ್ಚಲಿನ ಗೂಟದಲ್ಲಿದ್ದ ಟವೆಲ್ಲನ್ನೂ, ಬೋರಲು ಹಾಕಿದ್ದ ಬಕೆಟ್ಟನ್ನೂ ನೋಡಿದ.

"ನೀರು ಬಿಟ್ಟಿಲ್ಲೇನು?"

"ಇಲ್ಲ," ಎಂದಳು ಶರಣಮ್ಮ ಅಡುಗೆಮನೆಯಿಂದ.

"ಯಾಕ?"

"ಗಂಜಿ ಕಾಸೀನಿ."

ಮಲ್ಲಿಕ್ ಬೂಟಿನ ಲೇಸು ಕಟ್ಟುವುದನ್ನು ನಿಲ್ಲಿಸಿದ. ಸೌಮ್ಯಾ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ಆರಿಸಿದಳು. ಈರಪ್ಪ ಒಂದು ಕೈ ಗೋಡೆಗೆ ಕೊಟ್ಟು ನಿಂತೇ ಇದ್ದ. ಆಮೇಲೆ ಹೋಗಿ ಚಾಪೆಯ ಮೇಲೆ ಕೂತು, ಕರಡಿಗೆ ಬಿಚ್ಚಿದ. ಪೂಜೆ ಚಿಕ್ಕದಾಗಿತ್ತು. ಕಣ್ಣು ತೆರೆದಾಗ ಗಂಜಿ ಇನ್ನೂ ಬಿಸಿಯಿತ್ತು. ಶರಣಮ್ಮ ಎರಡು ಬಟ್ಟಲು ತಂದು, ಒಂದನ್ನು ಅವನ ಮುಂದಿಟ್ಟು, ಇನ್ನೊಂದನ್ನು ತಾನು ಹಿಡಿದು, ಅವನಿಗಾಗಿ ಕಾಯದೆ ಕುಡಿಯತೊಡಗಿದಳು.

ಅಷ್ಟರಲ್ಲಿ ಸ್ಪೂರ್ತಿ ಬಚ್ಚಲಿನಿಂದ ಕೂಗಿದಳು. "ಅಯ್ಯೋ, ನೀರು ಸುಡ್ತಿದೆ! ಗೀಸರ್ ಯಾರು ಇಷ್ಟೊತ್ತು ಬಿಟ್ಟಿದ್ದು?"

"ಇವತ್ತ ಅದರ ನೀರು ಯಾರೂ ತಗೊಂಡಿಲ್ಲ," ಎಂದ ಈರಪ್ಪ ಗಂಜಿ ನುಂಗಿ. "ತಣ್ಣೀರು ಬೆರಸ್ಕೋ."